ಕಡ್ಲಿ ಆರಿಸುವ ಕಣ್ಣು

ದೇವಪ್ಪ ಸಾವಕಾರರ ಬೇಳೆ ಮಿಲ್ಲಿಗೆ ಹೊಸ ಯಂತ್ರ ಬಂದಿಳಿದ ಸಂಜೆ ಮಾಸುಮಬಿ ಮನೆಗೆ ಬಂದವಳೇ ಕೈಯಲ್ಲಿದ್ದ ಕಾಳು ಕೇರುವ ಮೊರವನ್ನು ಗೋಡೆಗೆ ಆನಿಸಿ, ಕಾಲು ಕೂಡ ತೊಳೆಯದೆ ಪಡಸಾಲೆಯಲ್ಲಿ ಕೂತುಬಿಟ್ಟಳು.

ಗಾದಿಗೆ ಹೊಲಿಗೆ ಹಾಕುತ್ತಿದ್ದ ಗಂಡ ನಬೀಸಾಬ ದಬ್ಬಣ ನಿಲ್ಲಿಸಿ ನೋಡಿದ. "ಯಾಕ, ಮೈಯಾಗ ಆರಾಮ ಇಲ್ಲೇನು?"

"ಮೈಗೇನಾಗೈತಿ, ಗುಂಡಕಲ್ಲ ಇದ್ದಂಗ ಅದೇನಿ. ಆ ಮಷೀನ ನೋಡಿ ಬಂದೆ. ಕಪಾಟಿನಗತೆ ಐತಿ, ಮಾರಿಗೆ ಟೀವಿ ಹಚ್ಯಾರ. ಲಾರಿಯಿಂದ ಇಳಸಾಕ ಗೋಣೆಪ್ಪ, ಅವನ ಹಮಾಲ ಮಂದಿ ಎಲ್ಲಾರೂ ಯಪ್ಪಾ ಯವ್ವಾ ಅಂದ್ರು. ನಾವು ಅಷ್ಟು ಹೆಣ್ಣಮಕ್ಕಳು ದಿನಪೂರ್ತಿ ಕುಂತು ಆರಿಸೂ ಕಡ್ಲಿ, ಅದು ಚಾ ಕುಡಿಯೂದ್ರಾಗ ಆರಿಸಿ ಒಗೀತೈತಂತ."

ನರೇಗಲ್ಲಿನ ಆ ಓಣಿಯಲ್ಲಿ ನಬೀಸಾಬ ನದಾಫನ ಮನೆ ಎಂದರೆ ಹತ್ತಿ ಹಿಂಜುವ ಮನೆ. ಬಾಗಿಲಲ್ಲಿ ನಿಂತರೆ ಸಾಕು, ಬಂದವರ ತಲೆಯ ಮೇಲೆ ಅರಳೆಯ ಎಳೆ ಕೂತುಬಿಡುತ್ತಿತ್ತು. ಮಗ ಜಾಕೀರ ನರೇಗಲ್ಲಿನಿಂದ ಗಜೇಂದ್ರಗಡಕ್ಕೆ ಟಂಟಂ ಆಟೋ ಓಡಿಸುತ್ತಿದ್ದ. ಮಾಸುಮಬಿ ಮದುವೆಯಾಗಿ ಬಂದ ಕೆಲವೇ ವರ್ಷಕ್ಕೆ ಗಜೇಂದ್ರಗಡ ರಸ್ತೆಯ ಮಿಲ್ಲು ಸೇರಿದವಳು, ಕಡಲೆ, ಹೆಸರು ಆರಿಸುತ್ತ ಅಲ್ಲಿಯ ಹೆಂಗಸರಿಗೆಲ್ಲ ಹಿರಿಯಳಾಗಿದ್ದಳು. ಸೊಸೆ ನಾಜಮೀನ ನರಗುಂದದ ಹುಡುಗಿ. ಮದುವೆಗೆ ಮೊದಲು ಗದಗಿನಲ್ಲಿ ಐಟಿಐ ಓದಿ, ಎಲೆಕ್ಟ್ರಾನಿಕ್ಸ್ ಕಲಿತಿದ್ದಳು. ಕಲಿತದ್ದು ಇಲ್ಲಿಯವರೆಗೆ ಓಣಿಯವರ ಮಿಕ್ಸರ್ ರಿಪೇರಿಗಷ್ಟೇ ಬಂದಿತ್ತು. ತೊಡೆಯ ಮೇಲೆ ಇನ್ನೂ ನಡೆಯಲು ಕಲಿಯದ ಹೆಣ್ಣು ಕೂಸು.

ಊಟಕ್ಕೆ ಕೂತಾಗ ನಾಜಮೀನ ಎಲ್ಲರಿಗೂ ರೊಟ್ಟಿ, ಪುಂಡಿಪಲ್ಯ ಬಡಿಸಿ, ತಾನು ಕೂರದೆ ನಿಂತೇ ಹೇಳಿದಳು. "ಅತ್ತಿ, ಆ ಮಷೀನಿಗೆ ಆಪರೇಟರ್ ಬೇಕಾಗ್ಯಾರಂತ. ಮಧ್ಯಾಹ್ನ ಸಾವಕಾರ್ರ ಕಡೆ ಹೋಗಿ ಕೇಳಿ ಬಂದೇನ್ರಿ. ತಿಂಗಳಾ ಕಲಿ, ಆಮ್ಯಾಲೆ ಪರೀಕ್ಷಾ ಮಾಡಿ ನೋಡ್ತೀನಿ ಅಂದಾರ."

ಮಾಸುಮಬಿಯ ಕೈಯ ತುತ್ತು ತಟ್ಟೆಗೇ ಮರಳಿತು.

"ನಾ ಕುಂತ ಜಾಗಾದಿಂದ ನನ್ನ ಎಬ್ಬಸಾಕ ನನ್ನ ಸೊಸೀನs ಬರಾಕತ್ತಾಳ. ಕೇಳಿದ್ರ್ಯಾ?"

"ಅವ್ವಾ, ಎಬ್ಬಸೂದು ಮಷೀನ. ಆಕಿ ಅಲ್ಲ," ಎಂದ ಜಾಕೀರ.

"ನೀ ಸುಮ್ನ ಉಣ್ಣು."

ನಬೀಸಾಬ ತಟ್ಟೆಯ ಶೇಂಗಾ ಹಿಂಡಿಗೆ ಎಣ್ಣೆ ಹಾಕಿಕೊಳ್ಳುತ್ತ ಸಮಾಧಾನ ಮಾಡಲು ನೋಡಿದ. "ನಮ್ಮಪ್ಪ ಬಿಲ್ಲು ಹಿಡದು ಹತ್ತಿ ಹಿಂಜತಿದ್ದ. ನಾನೂ ಹಿಂಜಿದೆ. ಹಿಂಜೂ ಮಷೀನ ಬಂತು, ಬಿಲ್ಲು ಅಟ್ಟಕ್ಕ ಹಾಕಿದೆ. ಏನ ಸತ್ತೇನೇನು?"

"ನಿಮ್ಮ ಬಿಲ್ಲಿಗೆ ಬಾಯಿ ಇರಲಿಲ್ಲ. ನನ್ನ ಜೋಡಿ ಕುಂತಾರಲ್ಲ, ಅವ್ರಿಗೆ ಬಾಯದಾವ, ಹೊಟ್ಟಿ ಅದಾವ. ನಾಳೆ ಬಾಜೂಕ ಕೂಡೂ ಲೀಲಾಬಾಯಿ ಮಾರಿ ನಾ ಹ್ಯಾಂಗ ನೋಡ್ಲಿ?"

ನಾಜಮೀನ ಮೆಲ್ಲಗೆ ಅಂದಳು. "ಮಷೀನ ಬಂದಾತ್ರಿ ಅತ್ತಿ. ಯಾರರ ನಡಸವ್ರ. ಪರ ಊರಾಂವ ಬಂದ್ರ ನಿಮ್ಮ ಮಂದಿ ಪರವಾಗಿ ಒಂದ ಮಾತ ಆಡೂದಿಲ್ಲ. ನಾ ಇದ್ರ ಆಡ್ತೀನಿ."

"ಆಡು. ಅಲ್ಲೇ ಆಡು. ನನ್ನ ಜೋಡಿ ಆಡಬ್ಯಾಡ." ಮಾಸುಮಬಿ ಎದ್ದು ಕೈ ತೊಳೆದಳು.

ಆಡಬ್ಯಾಡ ಅಂದದ್ದನ್ನು ಅವಳು ಖರೇ ಮಾಡಿ ತೋರಿಸಿದಳು. ಮರುದಿನದಿಂದ ಸೊಸೆಯ ಜೊತೆ ಮಾತು ಬಂದ್. ಆದರೆ ಒಂದೇ ಒಲೆಯ ಮನೆ; ಮಾತಿಲ್ಲದೆ ಅಡುಗೆ ಆಗುವುದಿಲ್ಲವಲ್ಲ. ಹೀಗಾಗಿ ಊಟದ ಹೊತ್ತಿಗೆ ಒಂದು ತಮಾಷೆಯೇ ನಡೆಯುತ್ತಿತ್ತು.

"ಜಾಕೀರ, ನಿನ್ನ ಹೇಣ್ತಿಗೆ ಪಲ್ಯಾ ಬೇಕೇನ ಕೇಳು."

ನಾಜಮೀನ ಗೇಣು ದೂರದಲ್ಲಿ ಕೂತಿರುತ್ತಿದ್ದಳು.

"ಪಲ್ಯಾ ಬೇಕೇನು?"

"ಬೇಕ್ರಿ ಅಂತ ಹೇಳ್ರಿ."

"ಬೇಕಂತಬೇ ಅವ್ವಾ. ನಾ ಏನು ಟಂಟಂ ಬಿಟ್ಟು ಪೋಸ್ಟಮನ್ ಆಗ್ಲ್ಯಾ?"

ನಬೀಸಾಬನಿಗೆ ನಗು ತಡೆಯದೆ ಮಜ್ಜಿಗೆ ನೆತ್ತಿಗೇರುತ್ತಿತ್ತು. ಕೂಸನ್ನು ನೋಡಿಕೊಳ್ಳುವ ಕೆಲಸ ತಾನಾಗಿ ಅವನ ಪಾಲಿಗೆ ಬಂದಿತ್ತು. ಹೊಲಿಗೆ ಹಾಕುತ್ತ ಕಾಲಿಂದ ತೊಟ್ಟಿಲು ತೂಗುವನು. ಕೂಸು ತೊಟ್ಟಿಲು ಒಲ್ಲೆ ಎಂದರೆ ಹಿಂಜಿದ ಅರಳೆಯ ಗುಡ್ಡೆಯ ಮೇಲೆ ಮಲಗಿಸುವನು.

ನಾಜಮೀನ ಬೆಳಿಗ್ಗೆ ಬೇಗ ಮಿಲ್ಲಿಗೆ ಹೋಗಬೇಕಾದ್ದರಿಂದ ರೊಟ್ಟಿ ಬಡಿಯುವುದು ಮತ್ತೆ ಮಾಸುಮಬಿಯ ಕೈಗೆ ಬಂತು. "ಸೊಸಿ ಬಂದ ಮ್ಯಾಲೂ ನನಗ ಹಂಚು ತಪ್ಪಲಿಲ್ಲ" ಎಂದು ಒಲೆಗೆ ಕೇಳುವಂತೆ ಗೊಣಗುತ್ತಿದ್ದಳು. ಆದರೆ ನಾಜಮೀನ ಬುತ್ತಿ ಬಿಚ್ಚಿದಾಗ ಬಿರುಸಾದ ರೊಟ್ಟಿಗಳೆಲ್ಲ ಮನೆಯಲ್ಲೇ ಉಳಿದು, ಮೆತ್ತಗಿನವೇ ಬುತ್ತಿಗೆ ಬಂದಿರುತ್ತಿದ್ದವು. ನಡುವೆ ಬೆಣ್ಣೆಯ ಮುದ್ದೆ. ಸಂಜೆ ಬಂದು ಕೂಸನ್ನು ಎತ್ತಿಕೊಂಡು ನಾಜಮೀನ ಹೇಳುತ್ತಿದ್ದಳು. "ಪಾಪು, ನಿಮ್ಮ ಆಯಿಗೆ ಹೇಳು, ಇವತ್ತ ಬೆಣ್ಣಿ ಭಾಳ ರುಚಿ ಇತ್ತಂತ."

ಮಾಸುಮಬಿ ಕೇಳಿಸದವಳ ಹಾಗೆ ಬಾಂಡೆ ಬೆಳಗುವಳು. ಮರುದಿನದ ಮುದ್ದೆ ಇನ್ನಷ್ಟು ದೊಡ್ಡದಾಗುತ್ತಿತ್ತು.

ಮಿಲ್ಲಿನಲ್ಲಿ ಯಂತ್ರವನ್ನು ಕೂರಿಸಿ ಕಲಿಸಲು ಹುಬ್ಬಳ್ಳಿಯಿಂದ ಕಂಪನಿಯ ಇಂಜಿನಿಯರ್ ಮುಕುಂದ ಬಂದಿದ್ದ. ಯಂತ್ರದ ಕೋಣೆಗೂ ಹೆಂಗಸರು ಕೂತು ಆರಿಸುವ ಶೆಡ್ಡಿಗೂ ನಡುವೆ ಒಂದೇ ಬಾಗಿಲು. ಮಾಸುಮಬಿ ಮೊದಮೊದಲು ಆ ಕಡೆ ಬೆನ್ನು ಮಾಡಿ ಕೂತಳು. ಒಂದು ದಿನ ನೀರು ಕುಡಿಯಲು ಎದ್ದವಳು, ಒಳಗಿನಿಂದ ಸೊಸೆಯ ದನಿ ಕೇಳಿ ಬಾಗಿಲ ಮರೆಯಲ್ಲೇ ನಿಂತಳು.

ನಾಜಮೀನ ಹಮಾಲ ಗೋಣೆಪ್ಪನಿಗೆ ವಿವರಿಸುತ್ತಿದ್ದಳು. "ಮ್ಯಾಲಿಂದ ಕಡ್ಲಿ ಜಾರಿ ಬರ್ತಾವ್ರಿ ಮಾಮಾ. ಈ ಗಾಜಿನ ಹಿಂದ ಕ್ಯಾಮೆರಾ ಅದಾವ, ಅವs ಇದರ ಕಣ್ಣು. ಕರೀ ಕಾಳು ಕಂಡ ಕೂಡ್ಲೆ ಈ ಸಣ್ಣ ತೂತಿನಿಂದ ಗಾಳಿ ಪುಸ್ ಅಂತ ಊದಿ ಅದನ್ನ ಆ ಕಡೆ ಒಗೀತೈತಿ. ಚಲೋ ಕಾಳು ಸೀದಾ ಕೆಳಗ."

"ಕರೇದು ಕಂಡ್ರ ಒಗೀತೈತೇನು? ಹಂಗಾರ ನಾ ಜಾರಿ ಬಂದ್ರ ಸೀದಾ ಆ ಕಡೇನ ಬಿಡು," ಎಂದ ಗೋಣೆಪ್ಪ.

ಮುಕುಂದ ನಕ್ಕು ಪಕ್ಕಕ್ಕೆ ಸರಿದ. "ನಾಜಮೀನ, ನೀವೇ ಚಾಲೂ ಮಾಡ್ರಿ. ನಾ ಕೈ ಹಚ್ಚೂದಿಲ್ಲ."

ನಾಜಮೀನ ಸೆರಗು ಸೊಂಟಕ್ಕೆ ಬಿಗಿದು ಸಿಕ್ಕಿಸಿ, ಪರದೆಯ ಮೇಲೆ ಬೆರಳಾಡಿಸಿದಳು. ಯಂತ್ರ ಗುಂಯ್ ಎಂದಿತು. ಒಳಗೆ ಬೆಳಕು ಫಳ್ಳನೆ ಹತ್ತಿತು. "ಹಾಕ್ರಿ ಮಾಮಾ!" ಎಂದು ಕೂಗಿದ್ದೇ ತಡ, ಕಡಲೆ ನೀರಿನಂತೆ ಇಳಿಯತೊಡಗಿತು. ಟಕ್, ಟಕ್, ಟಕಟಕ ಎಂದು ಗಾಳಿ ಊದುವ ಸಪ್ಪಳ. ಈ ಕಡೆ ಬಂಗಾರದ ಬಣ್ಣದ ಕಾಳಿನ ಧಾರೆ. ಆ ಕಡೆ ಕರಿ ಕಾಳು, ಮುರುಕು, ಮಣ್ಣಿನ ಹೆಂಟೆ. ಮಾಸುಮಬಿ ಬಾಯಿಗೆ ಸೆರಗು ಹಿಡಿದಳು. ಮನೆಯಲ್ಲಿ ಗಟ್ಟಿಯಾಗಿ ಮಾತೂ ಆಡದ ಈ ಹುಡುಗಿ ಇಲ್ಲಿ ನಿಂತ ನಿಲುವೇನು, ಕೂಗುವ ಗತ್ತೇನು! ಪರ ಊರಿಂದ ಬರುವ ಗಂಡಸು ಇಷ್ಟು ಚೆಂದ ನಡೆಸಿಯಾನೇ?

ನೀರು ಕುಡಿಯುವುದು ಮರೆತೇಹೋಗಿ ಬಂದು ಕೂತವಳನ್ನು ಪಕ್ಕದ ಲೀಲಾಬಾಯಿ ಕೇಳಿದಳು. "ಏನ ನೋಡಿ ಬಂದಿಬೇ, ಮಾರಿ ಅರಳೇತಿ?"

"ಏನಿಲ್ಲ. ಝಳ ಹತ್ತೈತಿ."

ಆ ವಾರವೇ ಇನ್ನೊಂದು ಸುದ್ದಿ ಊಟದ ತಟ್ಟೆಗೆ ಬಂತು. ಅದೂ ಜಾಕೀರನ ಮೂಲಕವೇ. "ಅವ್ವಾ, ಇಕಿ ಹೇಳ್ತಾಳ, ಕೇಳು. ಗಾಳಿ ಊದುವಾಗ ಕರೀ ಕಾಳಿನ ಜೋಡಿ ಬಾಜೂದ ಚಲೋ ಕಾಳೂ ಹಾರಿ ಹೊಕ್ಕಾವಂತ. ಅದನ್ನ ಕೈಲೇ ಆರಸಬೇಕಂತ. ಸಾವಕಾರ್ರಿಗೆ ಹೇಳ್ಯಾಳ. ಅರ್ಧ ಮಂದಿನ್ನ ಇಟಗೋತೀನಿ ಅಂದಾರ."

"ಉಳದ ಅರ್ಧ ಮಂದಿ?"

ಜಾಕೀರ ಹೆಂಡತಿಯ ಮುಖ ನೋಡಿದ. ನಾಜಮೀನ ತಲೆ ತಗ್ಗಿಸಿದಳು.

ಅಬ್ಬಿಗೇರಿ ಕಡೆಯ ಹೊಲಗಳಲ್ಲಿ ಉಳ್ಳಾಗಡ್ಡಿ ಕೊಯ್ಯುವ ಕೆಲಸ ಶುರುವಾಗಿತ್ತು. ಗಟ್ಟಿ ಮೈಯ ಕೆಲವರು ಅತ್ತ ಹೊರಟರು. ಸೊಂಟನೋವಿನ ಲೀಲಾಬಾಯಿ ಹೊಲಕ್ಕೆ ಹೋಗಲಾರಳು. ಸಾವಕಾರರು ಉಳಿಸಿಕೊಳ್ಳುವವರ ಹೆಸರು ಹೇಳುವಾಗ ಮಾಸುಮಬಿಯದೇ ಮೊದಲು ಹೇಳಿದರು. ಲೀಲಾಬಾಯಿಯದು ಬರಲೇ ಇಲ್ಲ.

ಮಾಸುಮಬಿ ಎದ್ದು ನಿಂತಳು. "ಸಾವಕಾರ್ರ, ಒಂದ ಮನಿಗೆ ಒಂದ ಕೆಲಸ ಸಾಕ್ರಿ. ನಮ್ಮನ್ಯಾಗ ಸೊಸಿ ಬರಾಕತ್ತಾಳ. ನನ್ನ ಜಾಗಾ ಲೀಲಾಬಾಯಿಗೆ ಬಿಡ್ರಿ."

"ಏ ಮಾಸುಮಬಿ, ಆಕಿನ್ನ ನಾ ಇನ್ನೂ ತಗೊಂಡಿಲ್ಲ. ಹುಬ್ಬಳ್ಳಿ ದಲಾಲರು ಬಂದು ಮಾಲು ನೋಡಿ ಹೂಂ ಅಂದ್ರs ಆಕಿ. ಇಲ್ಲಂದ್ರ ಕಲಬುರ್ಗಿಯ ಒಬ್ಬ ಆಪರೇಟರಗ ಹೇಳಿ ಇಟ್ಟೇನಿ, ಮರುದಿನಾನ ಬರ್ತಾನ. ಆವಾಗ ನಿನಗ ಇದೂ ಇಲ್ಲ, ಆಕಿಗೆ ಅದೂ ಇಲ್ಲ."

"ಆಗ್ಲಿ ಬಿಡ್ರಿ," ಎಂದುಬಿಟ್ಟಳು.

ಮನೆಯಲ್ಲಿ ಇದರ ಬಗ್ಗೆ ಅವಳು ಉಸಿರೆತ್ತಲಿಲ್ಲ. ಲೀಲಾಬಾಯಿ ಬಿಟ್ಟಾಳೇ? ಮರುದಿನವೇ ನಾಜಮೀನಳ ಕೈ ಹಿಡಿದು ಎಲ್ಲ ಹೇಳಿ ಕಣ್ಣೀರು ಹಾಕಿದಳು. ಆ ಸಂಜೆ ನಾಜಮೀನ ಕೂಸಿನ ಮೂಲಕವೂ ಮಾತಾಡಲಿಲ್ಲ. ಅತ್ತೆ ಬೇಡ ಬೇಡ ಎಂದು ಕಾಲು ಎಳೆದುಕೊಂಡರೂ ಬಿಡದೆ, ಬಿಸಿ ಮಾಡಿದ ಎಣ್ಣೆ ತಂದು ಹಿಮ್ಮಡಿಗೆ ತಿಕ್ಕಿ, ಎದ್ದು ಹೋದಳು.

ಅಷ್ಟರಲ್ಲಿ ಸುದ್ದಿ ಸುತ್ತಲೆಲ್ಲ ಹಬ್ಬಿತ್ತು. ನರೇಗಲ್ಲಿನ ನದಾಫರ ಸೊಸೆ ಟೀವಿ ಇರುವ ಮಷೀನು ನಡೆಸುತ್ತಾಳಂತೆ! ಕಡಲೆ ಚೀಲ ಹೇರಿಕೊಂಡು ಬಂದ ಅಸೂಟಿಯ ರೈತರು ಚೀಲ ಇಳಿಸಿ, ಚಹಾ ಬಿಟ್ಟು, ಮೊದಲು ಅದನ್ನೇ ನೋಡಲು ಬರುತ್ತಿದ್ದರು. ಸಂತೆಗೆ ಬಂದ ಹೆಂಗಸರು ಮಿಲ್ಲಿನ ಕಿಟಕಿಗೆ ಮುಖ ಇಟ್ಟು ನಿಲ್ಲುವರು. "ಎಷ್ಟ ಶ್ಯಾಣ್ಯಾಕಿಯವ್ವಾ!" "ಕೈ ನೋಡ, ಹಾರ್ಮೋನಿಯಂ ಬಾರ್ಸಿದಂಗ!" "ಪಗಾರ ಎಷ್ಟ ಕೊಡ್ತಾರಂತ?" ಒಂದೊಂದು ಮಾತೂ ಮಾಸುಮಬಿಗೆ ಸಕ್ಕರೆಯಂತೆ ಸಿಹಿಯಾಗುತ್ತಿತ್ತು, ಮರುಕ್ಷಣ ಅಂಜಿಕೆ ಹುಟ್ಟಿಸುತ್ತಿತ್ತು. ಇಷ್ಟು ಮಂದಿಯ ಕಣ್ಣು! ನದರು ಹತ್ತಿದರೆ?

ಪರೀಕ್ಷೆಯ ದಿನ ಬಂತು. ನಬೀಸಾಬ ಕೂಸನ್ನು ಎತ್ತಿಕೊಂಡು ತಾನೂ ಹೊರಟ. ಮಾಸುಮಬಿ ಕೂಸಿನ ಕೆನ್ನೆಗೆ ಕಾಡಿಗೆಯ ಬೊಟ್ಟು ಇಟ್ಟು, ಆ ಡಬ್ಬಿಯನ್ನು ತನ್ನ ಎಲೆಅಡಿಕೆಯ ಚಂಚಿಯೊಳಗೆ ಸೇರಿಸಿ ಹಿಂದೆಯೇ ಹೊರಟಳು.

ಮಿಲ್ಲಿನಲ್ಲಿ ನಾಜಮೀನ ಯಂತ್ರದ ಮುಚ್ಚಳ ಎತ್ತಿ, ಒಳಗಿನ ಗಾಜನ್ನು ಫಳಫಳ ಒರೆಸಿ, ಗಾಳಿ ತುಂಬುವ ಟ್ಯಾಂಕಿನಲ್ಲಿ ಸೇರಿದ ತೇವದ ನೀರನ್ನು ಹೊರಗೆ ಬಿಡಲು ಹಿಂದಿನ ಶೆಡ್ಡಿಗೆ ಹೋದಳು. ದಿನವೂ ಮಾಡುವ ಕೆಲಸ. ಮುಕುಂದ, ಸಾವಕಾರರು ದಲಾಲರನ್ನು ಎದುರುಗೊಳ್ಳಲು ಗೇಟಿನಲ್ಲಿದ್ದರು. ಕೋಣೆ ಖಾಲಿ.

ಮಾಸುಮಬಿ ಒಳಗೆ ಬಂದಳು. ಮೊದಲ ಸಲ ಅದರ ಮೈ ಮುಟ್ಟಿದಳು, ತಣ್ಣಗಿತ್ತು. ಬಿಳಿ ಬಣ್ಣದ ಹೊರಮೈಗೆ ಬೊಟ್ಟು ಇಟ್ಟರೆ ಸಾವಕಾರರು ಕೂಗಾಡಿಯಾರು. ಪರದೆಗೆ ಇಡುವುದಂತೂ ಆಗದು. ಒಳಗಿನ ಗಾಜಿನ ಮೂಲೆ ಅವಳ ಕಣ್ಣಿಗೆ ಬಿತ್ತು. ಮುಚ್ಚಳ ಮುಚ್ಚಿದರೆ ಯಾರಿಗೂ ಕಾಣದು. ಡಬ್ಬಿ ತೆಗೆದು, ಬಿಸ್ಮಿಲ್ಲಾ ಎಂದು, ಕಿರುಬೆರಳಿನಿಂದ ದಪ್ಪ ಬೊಟ್ಟೊಂದು ಇಟ್ಟಳು. "ನನ್ನ ಸೊಸಿಗೂ ನಿನಗೂ ಯಾರ ಕಣ್ಣೂ ತಾಕದಿರ್ಲಿ," ಎಂದು ನಟಿಕೆ ಮುರಿದು, ಸದ್ದಿಲ್ಲದೆ ಹೊರಬಂದಳು.

ದಲಾಲರು ಬಂದರು. ಹೆಂಗಸರು, ಹಮಾಲರು, ಕಿಟಕಿಯ ಮಂದಿ, ಕೂಸಿನೊಂದಿಗೆ ನಬೀಸಾಬ, ಟಂಟಂ ಬಿಟ್ಟು ಓಡಿ ಬಂದ ಜಾಕೀರ, ಎಲ್ಲ ಕೋಣೆಯಲ್ಲಿ ತುಂಬಿಕೊಂಡರು. ಶೆಡ್ಡಿನಿಂದ ಬಂದ ನಾಜಮೀನ ಮುಚ್ಚಳ ಇಳಿಸಿ ಯಂತ್ರ ಚಾಲೂ ಮಾಡಿದಳು. ಕಡಲೆ ಇಳಿಯಿತು. ಟಕ್, ಟಕ್. ಬಂಗಾರದ ಧಾರೆ. ದಲಾಲರು ಬೊಗಸೆ ಒಡ್ಡಿ "ಚಲೋ ಐತಿ" ಎಂದರು. ಮಾಸುಮಬಿ ಲೀಲಾಬಾಯಿಯ ತೋಳು ಹಿಂಡಿದಳು.

ಯಂತ್ರದೊಳಗೆ ಗಾಜು ಒರೆಸುವ ಒಂದು ರಬ್ಬರ್ ಪಟ್ಟಿ ಇರುತ್ತದೆ, ಆಗಾಗ ತಾನೇ ಸರ್ರನೆ ಓಡಾಡುತ್ತದೆ. ಅದು ಒಮ್ಮೆ ಓಡಾಡಿತು. ಸಪ್ಪಳ ಬದಲಾಯಿತು. ಟಕಟಕ ಹೋಗಿ ಹಲಗೆ ಬಡಿದಂತೆ ಪಟಪಟಪಟ! ಬಂಗಾರದ ಧಾರೆ ಸಣ್ಣಗಾಗಿ ನಿಂತೇಹೋಯಿತು. ಒಗೆದ ಕಡೆಯಲ್ಲಿ ಚೆಂದದ ಕಾಳು ದಬದಬ ಸುರಿದು ಗುಡ್ಡೆಯಾಯಿತು.

"ಏ, ಏ! ಚಲೋ ಮಾಲೆಲ್ಲಾ ಹೊರಗ ಹೊಂಟೈತಿ!" ಸಾವಕಾರರು ಕೂಗಿದರು. "ಇದನ್ನೇನ ತಿಂಗಳಾ ಕಲ್ತಿ? ಬಂದ್ ಮಾಡು! ಕಲಬುರ್ಗಿಯಾವಗ ಫೋನ್ ಹಚ್ಚತೀನಿ."

ನಾಜಮೀನ ಆಗಲೇ ನಿಲ್ಲಿಸಿದ್ದಳು. ಮುಚ್ಚಳ ಎತ್ತಿದಳು. ಗಾಜಿನ ಉದ್ದಕ್ಕೂ ಕಪ್ಪು ಬಳಿದಿತ್ತು. ಬೆರಳಿಂದ ಮುಟ್ಟಿದಳು, ಮೂಗಿಗೆ ಹಿಡಿದಳು. ಔಡಲೆಣ್ಣೆ, ತುಪ್ಪ, ದೀಪದ ಮಸಿ. ಮನೆಯ ಕಾಡಿಗೆ. ತಿರುಗಿ ಒಮ್ಮೆ, ಒಮ್ಮೆ ಮಾತ್ರ, ಅತ್ತೆಯ ಕಡೆ ನೋಡಿದಳು. ಮಾಸುಮಬಿಯ ಕೈ ಚಂಚಿಯ ಮೇಲೆ ಹೋಯಿತು.

ನಾಜಮೀನ ಗಾಜಿಗೆ ಮೈ ಅಡ್ಡ ಮಾಡಿ ಸೆರಗಿನಿಂದ ತಿಕ್ಕಿದಳು. "ಗಾಜು ಹೊಲಸಾಗಿತ್ರಿ ಸಾವಕಾರ್ರ. ಅದನ್ನ ನೋಡಿ ಮುಚ್ಚೂದು ನನ್ನ ಕೆಲಸ. ನೋಡ್ಲಿಲ್ಲ. ತಪ್ಪು ನಂದು."

"ಪರೀಕ್ಷಾದ ದಿನಾನ ಗಾಜು ಒರಸದಾಕಿ ಮುಂದೇನ ಮಾಡ್ತಿ? ಸಾಕ ನಡಿ ತಂಗಿ!"

"ಆಕಿ ಒರಿಸಿದ್ಲ್ರೀ!" ಮಾಸುಮಬಿಯ ದನಿ ತನಗೇ ಗುರುತು ಸಿಗದಷ್ಟು ಜೋರಾಗಿ ಬಂತು. ಮಂದಿಯನ್ನು ಸರಿಸಿಕೊಂಡು ಮುಂದೆ ಬಂದಳು. "ಆಕಿ ಚಂದ ಒರಿಸಿ ಹೋಗಿದ್ಲು. ಆಮ್ಯಾಲೆ ಬಂದು ಕಾಡಿಗಿ ಬೊಟ್ಟು ಇಟ್ಟಾಕಿ ನಾನು. ಊರ ಕಣ್ಣೆಲ್ಲಾ ಇದರ ಮ್ಯಾಲೆ ಬಿದ್ದಿತ್ರಿ. ನದರ ಆಗಬಾರದಂತ ಇಟ್ಟೆ. ಬೈಯೂದಿದ್ರ ನನಗ ಬೈರಿ."

ಲೀಲಾಬಾಯಿ ಹಣೆ ಹಣೆ ಬಡಿದುಕೊಂಡಳು. "ತಿಂಗಳಾತು ಸೊಸಿ ಜೋಡಿ ಮಾತ ಬಿಟ್ಟಾಳ, ಮಷೀನಿಗೆ ಬೊಟ್ಟು ಇಟ್ಟಾಳ ನೋಡ್ರೆವ್ವಾ!"

ಗೋಣೆಪ್ಪ ಮೊದಲು ನಕ್ಕ. ಮುಕುಂದ ನಗು ತಡೆಯಲು ಹೋಗಿ ಕೆಮ್ಮಿದ. "ಸಾವಕಾರ್ರ, ಮಷೀನ ತಪ್ಪು ಮಾಡಿಲ್ಲ. ಕರೇದು ಕಂಡ್ರ ಒಗೀ ಅಂತ ಹೇಳೇವಿ. ಅದಕ್ಕ ಎಲ್ಲಾ ಕರೇದ ಕಾಣಾಕತ್ತಿತು."

ಗುಂಪಿನ ನಡುವೆ ಮಾಸುಮಬಿ ಸೊಸೆಯ ಎದುರು ನಿಂತಿದ್ದಳು. "ನಾಜೂ, ಯಾಕ ನಿನ್ನ ಮ್ಯಾಲೆ ಹಾಕ್ಕೊಂಡಿ?"

"ನೀವ್ಯಾಕ ನಿಮ್ಮ ಜಾಗಾ ಬಿಟ್ಟಕೊಟ್ರಿ?"

"ಅವ್ವಾ, ನನ್ನ ಪೋಸ್ಟಿನ ಕೆಲಸ ಹೋತಲ್ಲ!" ಎಂದ ಜಾಕೀರ ಹಿಂದಿನಿಂದ. ಸಾವಕಾರರ ಮುಖ ಮಾತ್ರ ಸಡಿಲಾಗಲಿಲ್ಲ. ಅವರು ದಲಾಲರತ್ತ ನೋಡಿದರು, ದಲಾಲರು ಗಡಿಯಾರದತ್ತ.

"ಇನ್ನೊಂದ ಸಲ ನೋಡೂಣಂತ. ಆದ್ರ ಇದs ಕಡೇದು," ಎಂದರು ದಲಾಲರು.

ನಾಜಮೀನ ಗಾಜನ್ನು ಔಷಧದ ನೀರು ಹಾಕಿ ಮೂರು ಬಟ್ಟೆ ಬದಲಿಸಿ ಒರೆಸಿದಳು. ಬೆಳಕಿಗೆ ಕಣ್ಣು ಕಿರಿದು ಮಾಡಿ ಮೂಲೆ ಮೂಲೆ ನೋಡಿದಳು. ಮುಚ್ಚಳ ಇಳಿಸಿ, ತಿರುಗಿ, ಗೋಣೆಪ್ಪನಿಗೆ ಹೇಳಿದಳು. "ಮಾಮಾ, ಇಲ್ಲಿಂದ ಅಲ್ಲೀತನಕ ಸುಣ್ಣದಾಗ ಒಂದ ಗೆರಿ ಎಳೀರಿ."

ಗೋಣೆಪ್ಪ ಎಳೆದ.

"ನಾ ಹೇಳೂತನಕ ಈ ಗೆರಿ ಯಾರೂ ದಾಟಬಾರದು. ಮಾಲಿನ ಧೂಳು ಬ್ಯಾರೆ, ಮಂದಿ ಧೂಳು ಬ್ಯಾರೆ. ಸಾವಕಾರ್ರ, ನೀವೂ ಹಿಂದ ಸರೀರಿ."

ಸಾವಕಾರರು ಬಾಯಿ ತೆರೆದರು, ದಲಾಲರು ಹಿಂದೆ ಸರಿದದ್ದು ಕಂಡು ತಾವೂ ಸರಿದರು. ನಾಜಮೀನ, ಕಡಲೆ ಸುರಿಯುವ ಗೋಣೆಪ್ಪ ಇವರ ಹೊರತು ಗೆರೆಯ ಒಳಗೆ ಉಳಿದವಳು ಮಾಸುಮಬಿ ಒಬ್ಬಳೇ. ಎಲ್ಲರ ಕಣ್ಣೂ ಅತ್ತೆ ಸೊಸೆಯ ಮೇಲೆ ನೆಟ್ಟಿತು.

"ಅತ್ತಿ, ನೀವೂ."

ಇಷ್ಟು ಮಂದಿಯ ಎದುರು ಸೊಸೆ ಹೇಳಿದ್ದನ್ನು ಮಾಸುಮಬಿ ಈ ಜನ್ಮದಲ್ಲಿ ಕೇಳಿದವಳಲ್ಲ. ಒಮ್ಮೆ ಸುಣ್ಣದ ಗೆರೆ ನೋಡಿದಳು. ಸೀರೆ ಸ್ವಲ್ಪ ಎತ್ತಿ ಹಿಡಿದು, ಗೆರೆ ಅಳಿಸದಂತೆ ಕಾಲು ದಾಟಿಸಿ, ಆಚೆ ಹೋಗಿ ನಿಂತಳು.

ಯಂತ್ರ ಗುಂಯ್ ಎಂದಿತು. ಕಡಲೆ ಇಳಿಯಿತು. ಟಕ್, ಟಕ್, ಟಕಟಕ. ಬಂಗಾರದ ಧಾರೆ ಶುರುವಾಯಿತು, ದಪ್ಪಗಾಯಿತು. ರಬ್ಬರ್ ಪಟ್ಟಿ ಸರ್ರನೆ ಓಡಿತು. ಮಾಸುಮಬಿ ಕಣ್ಣು ಮುಚ್ಚಿದಳು. ಸಪ್ಪಳ ಬದಲಾಗಲಿಲ್ಲ. ಚೀಲದ ಮೇಲೆ ಚೀಲ ಇಳಿದವು. ಗೋಣೆಪ್ಪ ಹುರುಪಿಗೆ ಓಡಿ ಓಡಿ ಸುರಿಯುತ್ತಿದ್ದ. ಕಿಟಕಿಯ ಮಂದಿ ಸಿಳ್ಳೆ ಹಾಕಿದರು, ನಬೀಸಾಬನ ಹೆಗಲ ಮೇಲಿನ ಕೂಸು ಕೈ ತಟ್ಟಿತು. ಗೋಣೆಪ್ಪ ಗೆರೆಯಾಚೆ ನೀಡಿದ ಬೊಗಸೆ ಕಾಳನ್ನು ದಲಾಲರು ಅಂಗೈಯಿಂದ ಅಂಗೈಗೆ ಸುರಿದು ನೋಡಿದರು. ಒಂದು ಕರಿ ಕಾಳಿಲ್ಲ. "ಲೋಡ್ ಕಳಸ್ರಿ ದೇವಪ್ಪನವ್ರ," ಎಂದರು.

ಸಾವಕಾರರಿಗೆ ಹಿಗ್ಗು ತಡೆಯಲಾಗಲಿಲ್ಲ. ತಮ್ಮ ಕಡಲೆಯನ್ನು ತಾವೇ ಮುಟ್ಟಿ ನೋಡಲು ಎರಡೂ ಕೈ ಚಾಚಿ ನುಗ್ಗಿದರು. ಗೆರೆಯ ಮುಂದೆ ಮಾಸುಮಬಿ ತೋಳು ಅಗಲಿಸಿ ಅಡ್ಡ ನಿಂತಿದ್ದಳು.

"ಎಲ್ಲಿಗ್ರಿ ಸಾವಕಾರ್ರ? ಆಪರೇಟರ್ ಇನ್ನೂ ಹೂಂ ಅಂದಿಲ್ಲ."

ಸಾವಕಾರರು ಅವಳನ್ನು ನೋಡಿದರು, ಗೆರೆ ನೋಡಿದರು. ಆಮೇಲೆ ಅವಳ ಹೆಗಲ ಮೇಲಿಂದ ಕತ್ತು ಚಾಚಿ ಕೂಗಿದರು. "ಏ ಆಪರೇಟರ್, ಈಗರ ಬರ್ಲ್ಯಾ?"

ನಾಜಮೀನ ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ತಡೀರಿ. ಇನ್ನೊಂದು ಚೀಲ ಐತಿ."